ಮನಸ್ಸಿನ ಮೇಲೆ ಎಷ್ಟು ಹೊಣೆ? ಆಸ್ಪತ್ರೆಗೆ ಮನೋವಿಜ್ಞಾನ ಬಂದ ದಾರಿ

ಆರೋಗ್ಯ ಮನೋವಿಜ್ಞಾನದ ಸಮ್ಮೇಳನವೊಂದರ ಕಾರ್ಯಕ್ರಮ ಪಟ್ಟಿ ಓದಿದರೆ ಹೊರಗಿನವರಿಗೆ ಮೊದಲು ಗೊಂದಲವಾಗುತ್ತದೆ. ಒಂದು ಕೋಣೆಯಲ್ಲಿ ಸಿಗರೇಟು ಬಿಡಿಸುವ ಬಗ್ಗೆ ಪ್ರಬಂಧ, ಪಕ್ಕದಲ್ಲಿ ಸೊಂಟನೋವು, ಅದರಾಚೆಗೆ ಮಾತ್ರೆ ನುಂಗದ ಬಿಪಿ ರೋಗಿಗಳು, ಊಟದ ವಿರಾಮವಾದ ಮೇಲೆ, ಕೆಲಸದಿಂದ ದಣಿದ ನರ್ಸುಗಳ ಬಗ್ಗೆ ಗೋಷ್ಠಿ. ಎಲ್ಲದಕ್ಕೂ ಮೇಲುಹೊದಿಕೆಯಂತೆ ‘ಯೋಗಕ್ಷೇಮಕ್ಕೆ ಬೆಂಬಲ’ ಎಂಬ ಶೀರ್ಷಿಕೆ. ಇವೆಲ್ಲ ಒಂದೇ ಚಪ್ಪರದಡಿ ಬಂದದ್ದು ಹೇಗೆ? ಡಾಕ್ಟರು ಇರುವ ಕಡೆ ಮನೋವಿಜ್ಞಾನಿಗೆ ಏನು ಕೆಲಸ?

1964ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ ಶುರು ಮಾಡೋಣ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ನಿಗೆ ದಾಖಲಾದ 97 ರೋಗಿಗಳು. ಆಪರೇಷನ್ನಿನ ಹಿಂದಿನ ರಾತ್ರಿ ಅರಿವಳಿಕೆ ವೈದ್ಯರು ಎಲ್ಲರನ್ನೂ ಕಂಡು ಬಂದರು. ಸುಮಾರು ಅರ್ಧ ಜನರ ಹತ್ತಿರ ಮಾತ್ರ ಇನ್ನಷ್ಟು ಹೊತ್ತು ಕೂತು ಬಿಡಿಸಿ ಹೇಳಿದರು: ನಾಳೆ ಎಚ್ಚರವಾದಾಗ ನೋವಿರುತ್ತದೆ, ಇಂಥ ಕಡೆ ಇರುತ್ತದೆ, ಇಷ್ಟು ದಿನ ಇರಬಹುದು, ಗಾಯದ ಕೆಳಗಿನ ಸ್ನಾಯು ಬಿಗಿದುಕೊಳ್ಳುವುದೇ ಅದಕ್ಕೆ ಕಾರಣ, ಉಸಿರು ಹೀಗೆ ಎಳೆದುಕೊಂಡರೆ ಹೊಟ್ಟೆ ಸಡಿಲಾಗುತ್ತದೆ, ಮಗ್ಗುಲು ಬದಲಿಸುವಾಗ ಹೊಟ್ಟೆಯ ಮೇಲೆ ಭಾರ ಬಿಡದೆ ಕೈ ಕಾಲು ಬಳಸಿ ಹೀಗೆ ಹೊರಳಿ. ಯಾರಿಗೆ ಈ ಮಾತು ಸಿಕ್ಕಿದೆ, ಯಾರಿಗೆ ಇಲ್ಲ ಎಂಬುದು ಸರ್ಜನ್ನರಿಗೆ ಗೊತ್ತಿರಲಿಲ್ಲ. ಮಾತು ಸಿಕ್ಕವರು ನೋವಿಗೆ ಕೇಳಿದ ಮಾರ್ಫಿನ್ ಜಾತಿಯ ಮದ್ದು ಉಳಿದವರದ್ದರ ಅರ್ಧದಷ್ಟು. ಸರಾಸರಿ 2.7 ದಿನ ಮೊದಲೇ ಅವರು ಡಿಸ್ಚಾರ್ಜ್ ಆಗಿ ಮನೆಗೆ ಹೋದರು.

ಕತ್ತಿ ಅದೇ, ಹೊಲಿಗೆ ಅದೇ, ವಾರ್ಡೂ ಅದೇ. ಈ ಪ್ರಯೋಗ ಮಾಡಿದವರು ಮನೋವಿಜ್ಞಾನಿಗಳೂ ಅಲ್ಲ. ಆದರೂ ಈ ಕ್ಷೇತ್ರದ ಮುಂದಿನ ಅರವತ್ತು ವರ್ಷಗಳ ಸಾಧನೆಯಲ್ಲಿ ಗಟ್ಟಿಯಾಗಿ ನಿಂತದ್ದೆಲ್ಲ ಹೆಚ್ಚುಕಡಿಮೆ ಇದೇ ಅಳತೆಯದ್ದು ಎಂದು ನನಗನ್ನಿಸುತ್ತದೆ: ಚಿಕ್ಕದು, ಅಳೆಯಬಹುದಾದದ್ದು, ರೋಗಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು. ದೊಡ್ಡ ಮಾತಾಡಿದಾಗಲೆಲ್ಲ ಅದು ಎಡವಿದೆ. ಎಡವಿದಾಗ ಪೆಟ್ಟು ಬಿದ್ದದ್ದು ರೋಗಿಗೆ.

ಮನೋವಿಜ್ಞಾನ ಆಸ್ಪತ್ರೆಯ ಬಾಗಿಲು ತಟ್ಟುವುದಕ್ಕೆ ಮೂಲ ಕಾರಣ ರೋಗಗಳೇ ಬದಲಾದದ್ದು. ಸೋಂಕುಗಳ ಕಾಲದಲ್ಲಿ ಶತ್ರು ಹೊರಗಿನಿಂದ ಬರುತ್ತಿತ್ತು, ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಹೃದಯಾಘಾತ ಮತ್ತು ಕ್ಯಾನ್ಸರ್ ಮುಂದೆ ಬಂದು ನಿಂತಿದ್ದವು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 5,209 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಹೃದಯ ಅಧ್ಯಯನ ಶುರುವಾಯಿತು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ತೋರಿಸಿದರು. ರೋಗದ ಬೇರು ಈಗ ಅಡುಗೆಮನೆಯಲ್ಲಿತ್ತು, ಅಂಗಿಯ ಜೇಬಿನ ಪ್ಯಾಕಿನಲ್ಲಿತ್ತು. ಅಲ್ಲಿಗೆ ಸ್ಟೆತಸ್ಕೋಪ್ ಮುಟ್ಟುವುದಿಲ್ಲ.

ಗೊತ್ತಾದರೆ ಜನ ಬದಲಾಗುತ್ತಾರೆ ಎಂಬ ನಂಬಿಕೆ ಆಗ ದೊಡ್ಡದಾಗಿತ್ತು. ಅದಕ್ಕೆ ಪೆಟ್ಟು ಕೊಟ್ಟದ್ದು ಎಕ್ಸ್‌ರೇ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಕ್ಷಯ ಪತ್ತೆಗೆ ವ್ಯಾನುಗಳಲ್ಲಿ ಎಕ್ಸ್‌ರೇ ಯಂತ್ರವಿಟ್ಟು ಜನರಿದ್ದಲ್ಲಿಗೇ ಕಳಿಸುತ್ತಿತ್ತು. ದುಡ್ಡಿಲ್ಲ, ದೂರವಿಲ್ಲ. ಆದರೂ ಎಷ್ಟೋ ಜನ ಹತ್ತಿರ ಸುಳಿಯಲಿಲ್ಲ. ಯಾಕೆ ಎಂದು ಕಂಡುಹಿಡಿಯಲು ಅಲ್ಲಿನ ಮನೋವಿಜ್ಞಾನಿ ಗಾಡ್‌ಫ್ರೇ ಹಾಕ್‌ಬಾಮ್ ಮೂರು ನಗರಗಳಲ್ಲಿ 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ನನಗೂ ಕ್ಷಯ ಬರಬಹುದು, ಬೇಗ ಗೊತ್ತಾದರೆ ಪ್ರಯೋಜನವಿದೆ ಎಂದು ಎರಡನ್ನೂ ನಂಬಿದವರಲ್ಲಿ ನೂರಕ್ಕೆ 82 ಮಂದಿ ತಾವಾಗಿಯೇ ಎಕ್ಸ್‌ರೇ ಮಾಡಿಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ 21 ಮಂದಿ ಮಾತ್ರ. ‘ಆರೋಗ್ಯ ನಂಬಿಕೆ ಮಾದರಿ’ ಎಂದು ಇವತ್ತಿಗೂ ವಿದ್ಯಾರ್ಥಿಗಳು ಉರುಹೊಡೆಯುವ ಸಿದ್ಧಾಂತದ ತವರು ಆ ವ್ಯಾನು.

ಇನ್ನೊಂದು ದಾರಿ ಪ್ರಯೋಗಶಾಲೆಯದು. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎನ್ನುವುದು ನಮಗೆಲ್ಲ ಬಾಯಿಪಾಠ. ಆ ಸೊನ್ನೆಯನ್ನು ಅಳೆಯಲು ಹೊರಟವರ ಕಥೆ 1936ಕ್ಕೆ ಹೋಗುತ್ತದೆ. ಹ್ಯಾನ್ಸ್ ಸೆಲ್ಯೆ ಇಲಿಗಳಿಗೆ ಚಳಿ, ಗಾಯ, ವಿಷ ಹೀಗೆ ಬೇರೆಬೇರೆ ಬಗೆಯ ಕಷ್ಟ ಕೊಟ್ಟು ನೋಡಿದರೆ ಒಳಗೆ ಕಂಡದ್ದು ಒಂದೇ ಚಿತ್ರ: ಊದಿಕೊಂಡ ಅಡ್ರಿನಲ್ ಗ್ರಂಥಿ, ಕುಗ್ಗಿದ ಥೈಮಸ್ (ರೋಗನಿರೋಧಕ ಶಕ್ತಿಗೆ ಬೇಕಾದ ಎದೆಯೊಳಗಿನ ಗ್ರಂಥಿ), ಜಠರದಲ್ಲಿ ಹುಣ್ಣು. ಇವತ್ತು ಎಲ್ಲರ ಬಾಯಲ್ಲೂ ಇರುವ ‘ಸ್ಟ್ರೆಸ್’ ವೈದ್ಯಕೀಯಕ್ಕೆ ಬಂದದ್ದು ಹೀಗೆ.

ಈ ಸಾಲಿನಲ್ಲಿ ನನಗೆ ತುಂಬ ಹಿಡಿಸಿದ್ದು 1995ರ ಒಂದು ಪುಟ್ಟ ಅಧ್ಯಯನ. ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನೂ, ಅಂಥ ಹೊರೆಯಿಲ್ಲದ ಅದೇ ವಯಸ್ಸಿನ ಇನ್ನೂ 13 ಮಹಿಳೆಯರನ್ನೂ ಆರಿಸಿಕೊಂಡರು. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರ್ ಅಗಲದ ಒಂದೇ ಅಳತೆಯ ಗಾಯ ಮಾಡಿ ಮಾಯುವುದನ್ನು ಕಾದರು. ಆರೈಕೆ ಮಾಡುವವರ ಗಾಯ ಮಾಯಲು ಉಳಿದವರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಸಂಖ್ಯೆ ಚಿಕ್ಕದು, ನಿಜ. ಆದರೆ ರಾತ್ರಿಯಿಡೀ ಎದ್ದು ಕೂತು ಅತ್ತೆಯನ್ನೋ ಗಂಡನನ್ನೋ ನೋಡಿಕೊಂಡವರಿಗೆ ‘ಸ್ವಲ್ಪ ಆಯಾಸ ಅಷ್ಟೇ’ ಎಂದು ಹೇಳುವುದು ಇದಾದ ಮೇಲೆ ಕಷ್ಟವಾಯಿತು.

ಸಂಘ ಸಂಸ್ಥೆಗಳ ಕಥೆಯನ್ನು ಬೇಗ ಮುಗಿಸಬಹುದು. 1977ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ವೈದ್ಯ ಜಾರ್ಜ್ ಎಂಗೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ, ರೋಗವನ್ನು ದೇಹದ ಕೆಟ್ಟ ಯಂತ್ರವೆಂದಷ್ಟೇ ನೋಡುವುದು ಸಾಲದು, ಮನಸ್ಸು ಮತ್ತು ಸಮಾಜವನ್ನೂ ಸೇರಿಸಿಯೇ ನೋಡಬೇಕು ಎಂದು ವಾದಿಸಿತು. ಮರುವರ್ಷ ಅಮೆರಿಕದ ಮನೋವಿಜ್ಞಾನ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆ 38ನೇ ವಿಭಾಗ ಹುಟ್ಟಿತು. ಜೋಸೆಫ್ ಮ್ಯಾಟರಾಜೊ ಮೊದಲ ಅಧ್ಯಕ್ಷರು. 1982ರಲ್ಲಿ ಅದರ ಪತ್ರಿಕೆ ಬಂತು. ಈ ಕೆಲಸಕ್ಕೆ ಯಾರು ಅರ್ಹರು, ಅವರಿಗೆ ಏನು ಕಲಿಸಬೇಕು ಎಂದು ತೀರ್ಮಾನಿಸಲು 1983ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಡನ್ ಹೌಸ್‌ನಲ್ಲಿ ಸಮ್ಮೇಳನ ಕೂಡಿತು. ಯುರೋಪಿನ ಸಂಘ 1986ರದ್ದು. ಇಂಥ ಸಮ್ಮೇಳನಗಳಿಂದಲೇ ಈ ವೃತ್ತಿಗೆ ಒಂದು ಹೆಸರು, ಪಠ್ಯ, ಅರ್ಹತೆ ಎಲ್ಲ ಬಂದದ್ದು.

ಇನ್ನು ಎಡವಿದ ಕಥೆ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಅವರ ಕ್ಲಿನಿಕ್ಕಿನಲ್ಲಿ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಲು ಬಂದ ಕೆಲಸಗಾರ, ಕುರ್ಚಿಗಳು ಮುಂದಿನ ಅಂಚಿನಲ್ಲೇ ಸವೆದಿರುವುದನ್ನು ನೋಡಿ ಆಶ್ಚರ್ಯಪಟ್ಟನಂತೆ. ತುದಿಯಲ್ಲಿ ಕೂತು, ಯಾವಾಗ ಕರೆಯುತ್ತಾರೋ ಎಂದು ಚಡಪಡಿಸುವ ರೋಗಿಗಳು! 1959ರಲ್ಲಿ ಈ ಇಬ್ಬರೂ ಆತುರ, ಪೈಪೋಟಿ, ಸಿಡುಕಿನ ಸ್ವಭಾವಕ್ಕೆ ‘ಟೈಪ್ ಎ’ ಎಂದು ಹೆಸರಿಟ್ಟು ಹೃದ್ರೋಗಕ್ಕೆ ಜೋಡಿಸಿದರು. 3,000ಕ್ಕೂ ಹೆಚ್ಚು ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದ ಅವರ ಅಧ್ಯಯನದಲ್ಲಿ ಟೈಪ್ ಎ ಜನರಿಗೆ ಹೃದ್ರೋಗದ ಸಂಭವ ಸುಮಾರು ಎರಡು ಪಟ್ಟು ಎಂದು ಬಂತು. ಮಾತು ಮನೆಮನೆಗೆ ಹಬ್ಬಿತು. ಆದರೆ ಅದೇ ಗುಂಪನ್ನು ಮುಂದೆ ಪರಿಶೀಲಿಸಿ 1988ರಲ್ಲಿ ಬಂದ ವರದಿ ತಿರುಗಿಬಿತ್ತು: ಹೃದ್ರೋಗ ಬಂದವರ ಪೈಕಿ ಟೈಪ್ ಎ ಜನರೇ ಹೆಚ್ಚು ಕಾಲ ಬದುಕಿದ್ದರು. ಟೈಪ್ ಎ ಸಂಶೋಧನೆಗೆ ತಂಬಾಕು ಕಂಪನಿಗಳು ಹಣ ಸುರಿದಿದ್ದವು ಎಂಬುದು ಅವುಗಳದೇ ಕಡತಗಳು ಹೊರಬಿದ್ದ ಮೇಲೆ ಗೊತ್ತಾಯಿತು. ಸ್ವಭಾವವೇ ಅಪರಾಧಿಯಾದರೆ ಸಿಗರೇಟು ಸಲೀಸಾಗಿ ಪಾರಾಗುತ್ತದಲ್ಲ.

ಇದಕ್ಕಿಂತ ಕೆಟ್ಟದ್ದು ‘ಕ್ಯಾನ್ಸರ್ ವ್ಯಕ್ತಿತ್ವ’ದ ಪ್ರಕರಣ. ಬ್ರಿಟನ್ನಿನ ಹೆಸರಾಂತ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ ಮತ್ತು ರೊನಾಲ್ಡ್ ಗ್ರೊಸಾರ್ಟ್-ಮಾಟಿಸೆಕ್ ಕೂಡಿ ಪ್ರಕಟಿಸಿದ ಬರಹಗಳು, ಭಾವನೆ ನುಂಗಿಕೊಳ್ಳುವ ಸ್ವಭಾವದವರಿಗೆ ಕ್ಯಾನ್ಸರ್ ಬರುವುದು ನಂಬಲಾಗದಷ್ಟು ಹೆಚ್ಚು ಎಂದು ಹೇಳಿದ್ದವು. ನಂಬಲಾಗದಷ್ಟು ಎಂಬುದೇ ಕೊನೆಗೆ ನಿಜವಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜು 2019ರಲ್ಲಿ ವಿಚಾರಣೆ ನಡೆಸಿ, ಇವರಿಬ್ಬರ 26 ಪ್ರಬಂಧಗಳನ್ನು ನೆಚ್ಚುವಂತಿಲ್ಲ ಎಂದಿತು. ಹಲವನ್ನು ಪತ್ರಿಕೆಗಳು ಹಿಂತೆಗೆದುಕೊಂಡವು. ಐಸೆಂಕ್ ತೀರಿಕೊಂಡು ಆಗ 22 ವರ್ಷ. ಅಷ್ಟರೊಳಗೆ ‘ನೀನು ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡೆ, ಅದಕ್ಕೇ ಹೀಗಾಯ್ತು’ ಎಂಬ ಮಾತನ್ನು ಹಾಸಿಗೆ ಹಿಡಿದವರು ಎಷ್ಟು ಸಲ ಕೇಳಿಸಿಕೊಂಡಿರಬಹುದು!

‘ಪಾಸಿಟಿವ್ ಆಗಿರಿ, ಗುಣವಾಗುತ್ತೆ’ ಎಂಬುದೂ ಇದೇ ಬಳ್ಳಿಯ ಕಾಯಿ. 1989ರಲ್ಲಿ ಡೇವಿಡ್ ಸ್ಪೀಗೆಲ್ ಅವರ ತಂಡ, ಸ್ತನ ಕ್ಯಾನ್ಸರ್ ಬೇರೆಡೆಗೆ ಹರಡಿದ್ದ 86 ಮಹಿಳೆಯರ ಅಧ್ಯಯನವನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿತು. ವಾರಕ್ಕೊಮ್ಮೆ ಗುಂಪಾಗಿ ಕೂತು ಭಯ, ನೋವು, ಸಾವಿನ ಬಗ್ಗೆ ಮುಕ್ತವಾಗಿ ಮಾತಾಡಿದವರು ಸರಾಸರಿ 18 ತಿಂಗಳು ಹೆಚ್ಚು ಬದುಕಿದ್ದರು. ಜಗತ್ತು ಬೆರಗಾಯಿತು. 2001ರಲ್ಲಿ 235 ಮಹಿಳೆಯರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಆಯುಷ್ಯ ಹೆಚ್ಚಲಿಲ್ಲ. ಸ್ಪೀಗೆಲ್ ಅವರೇ ಮತ್ತೆ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಒಟ್ಟಾರೆ ಹೆಚ್ಚಲಿಲ್ಲ. ಆದರೆ 2001ರ ಪರೀಕ್ಷೆಯಲ್ಲಿ ಗುಂಪಿಗೆ ಬಂದವರ ನೋವು ಕಡಿಮೆಯಾಗಿತ್ತು, ಕುಗ್ಗಿಹೋಗಿದ್ದವರ ಮನಸ್ಸು ಹಗುರವಾಗಿತ್ತು. ಇದನ್ನು ಸೋಲು ಎಂದು ಬರೆದವರಿದ್ದಾರೆ. ನನಗೇನೋ ಉಳಿದ ದಿನಗಳಲ್ಲಿ ನೋವು ಕಡಿಮೆಯಾಗುವುದು ಸಣ್ಣ ವಿಷಯ ಎನಿಸುವುದಿಲ್ಲ.

ಮನಸ್ಸಿನ ಮೇಲೆ ಹೊರಿಸಿದ್ದ ಭಾರವನ್ನು ಇಳಿಸಿದವರು ಬೇರೆ ಕಡೆಯಿಂದ ಬಂದರು. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಲಂಡನ್ನಿನ 17,000ಕ್ಕೂ ಹೆಚ್ಚು ಗಂಡು ಸರ್ಕಾರಿ ನೌಕರರನ್ನು ಗಮನಿಸಿತು. ಸುತ್ತೋಲೆ ಹೊತ್ತು ತಿರುಗುವ ಜವಾನರಂಥ ಕೆಳದರ್ಜೆಯವರಲ್ಲಿ ಹೃದ್ರೋಗದ ಸಾವು ಉನ್ನತ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದರೂ ಅಂತರದ ಒಂದು ಭಾಗಕ್ಕಷ್ಟೇ ಉತ್ತರ ಸಿಕ್ಕಿತು. ಮುಂದೆ ಮೈಕಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಆರಂಭವಾದ ಎರಡನೇ ಅಧ್ಯಯನ, ಕೆಲಸದ ಮೇಲೆ ತನ್ನ ಹಿಡಿತ ಎಷ್ಟು ಎಂಬ ಪ್ರಶ್ನೆಯನ್ನು ಮುಂದೆ ತಂದಿತು. ಧಾವಂತದ ಸಾಹೇಬನಿಗಿಂತ, ಯಾವುದನ್ನೂ ತಾನು ತೀರ್ಮಾನಿಸಲಾಗದ ಕೆಳಗಿನವನ ಎದೆಗೇ ಅಪಾಯ ಹೆಚ್ಚು! ಟೈಪ್ ಎ ಕಥೆ ಇಲ್ಲಿ ತಲೆಕೆಳಗಾಯಿತು.

‘ಯೋಗಕ್ಷೇಮ’ದ ಮಾತು ಇದಕ್ಕೂ ಹಳೆಯದು. 1946ರಲ್ಲಿ ಸಹಿಯಾಗಿ 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜ ಮೂರರಲ್ಲೂ ಪೂರ್ಣ ಕ್ಷೇಮ ಎಂದಿತ್ತು. ಪೂರ್ಣ ಎಂಬ ಪದ ಹಿಡಿದರೆ ಭೂಮಿಯ ಮೇಲೆ ಆರೋಗ್ಯವಂತರೇ ಸಿಗಲಿಕ್ಕಿಲ್ಲ ಎಂಬ ಟೀಕೆಯೂ ಹಳೆಯದೇ. ದಣಿದ ನರ್ಸುಗಳ ಗೋಷ್ಠಿಯ ಬೇರು ಮಾತ್ರ ಬೇರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಕ್ಲಿನಿಕ್ಕಿನ ಸ್ವಯಂಸೇವಕರು ಒಳಗೊಳಗೇ ಬತ್ತಿಹೋಗುವುದನ್ನು ಕಂಡು ‘ಬರ್ನ್‌ಔಟ್’ ಬಗ್ಗೆ ಬರೆದರು. 2019ರಲ್ಲಿ ಒಪ್ಪಿಗೆ ಪಡೆದ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿ ಅದನ್ನು ರೋಗವೆನ್ನದೆ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆದಿದೆ. ಈ ಒಂದು ಪದದ ಆಯ್ಕೆಯಲ್ಲಿ ಬಹಳ ಅರ್ಥವಿದೆ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಗೆ ಉಸಿರಾಟದ ತರಗತಿ ಏರ್ಪಡಿಸುವುದು ಸುಲಭ. ವಾರ್ಡಿಗೆ ಇನ್ನೊಬ್ಬ ನರ್ಸನ್ನು ಹಾಕಲು ಹಣ ಬೇಕು. ಸಮ್ಮೇಳನಗಳಲ್ಲಿ ಮೊದಲನೆಯದರ ಬಗ್ಗೆ ಪ್ರಬಂಧಗಳು ಜಾಸ್ತಿ ಎಂಬುದನ್ನು ಪಟ್ಟಿ ಓದಿದವರು ಗಮನಿಸಿಯೇ ಇರುತ್ತಾರೆ.

ಮನಸ್ಸಿದ್ದರೆ ಮಾರ್ಗ ಎನ್ನುವ ಗಾದೆಯನ್ನು ಈ ಕ್ಷೇತ್ರ ಈಗ ಅರ್ಧ ಮಾತ್ರ ಒಪ್ಪುತ್ತದೆ. ಸೂಸನ್ ಮಿಷಿ ಮತ್ತು ಸಹೋದ್ಯೋಗಿಗಳು 2011ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ ಯಾವುದೇ ನಡವಳಿಕೆ ಬದಲಾಗಲು ಮೂರು ಬೇಕು: ಮಾಡುವ ಶಕ್ತಿ, ಮಾಡಲು ಅವಕಾಶ, ಮಾಡುವ ಮನಸ್ಸು. ಮಾರ್ಗವೂ ಇರಬೇಕು ಎಂದಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿಯ ಪ್ರಕಾರ, ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಹೇಳಿದಂತೆ ಮದ್ದು ತೆಗೆದುಕೊಳ್ಳುವವರು ಅರ್ಧದಷ್ಟು ಮಾತ್ರ. ಮಾತ್ರೆ ನುಂಗದ ಬಿಪಿ ರೋಗಿಯನ್ನು ‘ಯಾಕೆ ತಗೊಂಡಿಲ್ಲ?’ ಎಂದು ಗದರಿದರೆ ‘ಮರೆತುಹೋಯ್ತು’ ಎನ್ನುವ ಉತ್ತರ ಸಿಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ತಗೊಳ್ಳೋಕೆ ಏನು ತೊಂದರೆ ಆಗ್ತಿದೆ?’ ಎಂದು ಕೇಳುವುದನ್ನು ಈ ಗೋಷ್ಠಿಗಳಲ್ಲಿ ಅಭ್ಯಾಸ ಮಾಡಿಸುತ್ತಾರೆ. ರೋಗಿ ಬಸ್ ಡ್ರೈವರ್ ಎಂದುಕೊಳ್ಳಿ. ‘ಅದು ತಗೊಂಡ್ರೆ ಗಂಟೆಗೊಂದು ಸಲ ಮೂತ್ರಕ್ಕೆ ಹೋಗ್ಬೇಕು ಮೇಡಂ, ಬಸ್ ಎಲ್ಲಿ ನಿಲ್ಲಿಸ್ಲಿ?’ ಎಂದು ಆತ ತಲೆ ತಗ್ಗಿಸಿ ಹೇಳುತ್ತಾನೆ. ಆ ಮೇಲೆ ಡಾಕ್ಟರು ಮಾತ್ರೆಯ ಹೊತ್ತನ್ನು ಪಾಳಿ ಮುಗಿದ ಮಧ್ಯಾಹ್ನಕ್ಕೆ ಹಾಕಬಹುದು, ಇಲ್ಲವೇ ಬೇರೆ ಮಾತ್ರೆ ಬರೆಯಬಹುದು.