ಬೈ-ಟು ಕಾಫಿ ಹೆಚ್ಚಾದಾಗ ಮಾಲೀಕರು ಎಲ್ಲಿ ನಿಲ್ಲಬೇಕು?

ಆರ್ಥಿಕ ಹಿಂಜರಿತದ ಸುದ್ದಿ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಬರುವ ಮೊದಲೇ ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೆ ತಿಳಿದಿರುತ್ತದೆ. ಎರಡು ಕಾಫಿ ಹೋಗುತ್ತಿದ್ದ ಮೇಜಿಗೆ ಬೈ-ಟು ಹೋಗತೊಡಗುತ್ತದೆ. ಇಡ್ಲಿ-ವಡೆ ಕೇಳುತ್ತಿದ್ದವರು ವಡೆ ಬಿಡುತ್ತಾರೆ. ಭಾನುವಾರ ಸಂಜೆ ಬರುವ ಕುಟುಂಬ ಎಂದಿನಂತೆಯೇ ಬರುತ್ತದೆ, ಆದರೆ ಮಕ್ಕಳ ಐಸ್‌ಕ್ರೀಮ್ ‘ಶೀತ ಆಗುತ್ತದೆ’ ಎಂಬ ನೆಪದಲ್ಲಿ ತಪ್ಪುತ್ತದೆ.

ಇಂಥ ಹೊತ್ತಿನಲ್ಲಿ ಸಲಹೆ ಕೇಳಿ ಬರುವ ಮಾಲೀಕರು ಹೇಳುವುದು ಒಂದೇ ಮಾತು: ‘ವ್ಯಾಪಾರ ಬಿದ್ದಿದೆ.’ ಎಷ್ಟು ಎಂದು ಕೇಳಿದರೆ ದಿನದ ಒಟ್ಟು ಮೊತ್ತ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬಿಲ್ಲಿಂಗ್ ಯಂತ್ರದಲ್ಲಿ ಇನ್ನೊಂದು ಅಂಕಿಯೂ ಇರುತ್ತದೆ, ಬಿಲ್ಲುಗಳ ಸಂಖ್ಯೆ. ದಿನಕ್ಕೆ 400 ಬಿಲ್, 60,000 ರೂಪಾಯಿ ಮಾರಾಟ ಇದ್ದ ಹೋಟೆಲು 52,000ಕ್ಕೆ ಇಳಿಯಿತು ಎಂದುಕೊಳ್ಳಿ. ಬಿಲ್ಲುಗಳು 400 ಹಾಗೆಯೇ ಇದ್ದರೆ ಸರಾಸರಿ ಬಿಲ್ 150ರಿಂದ 130ಕ್ಕೆ ಇಳಿದಿದೆ. ಗಿರಾಕಿ ನಿಮ್ಮನ್ನು ಬಿಟ್ಟಿಲ್ಲ, ಅವರ ಜೇಬು ಬಿಗಿಯಾಗಿದೆ. ಬಿಲ್ಲುಗಳು 350 ಆಗಿದ್ದು ಸರಾಸರಿ 150ರ ಆಸುಪಾಸಿನಲ್ಲೇ ಇದ್ದರೆ ಜನರೇ ಬರುತ್ತಿಲ್ಲ. ಎರಡೂ ಬೇರೆ ಕಾಯಿಲೆ, ಮದ್ದೂ ಬೇರೆ.

ಬಿಲ್ಲುಗಳು ಕಡಿಮೆಯಾಗಿದ್ದರೆ ಯಾವ ಹೊತ್ತಿನಲ್ಲಿ ಎಂದು ನೋಡಬೇಕು. 2019ರಲ್ಲಿ ವಾಹನ ಉದ್ಯಮ ಕುಸಿದು ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬಿಸಿ ತಟ್ಟಿದಾಗ ಅಲ್ಲಿನ ಒಂದು ಹೋಟೆಲಿನ ಲೆಕ್ಕ ನೋಡಿದ್ದೆ. ಬೆಳಗಿನ ತಿಂಡಿ ಬಹುತೇಕ ಅಲುಗಾಡಿರಲಿಲ್ಲ. ಬಿದ್ದದ್ದು ಸಂಜೆ ಆರರ ನಂತರದ ವ್ಯಾಪಾರ. ಕಾರ್ಖಾನೆಗಳಲ್ಲಿ ಓವರ್‌ಟೈಮ್ ನಿಂತಿತ್ತು, ಅಷ್ಟೇ. ಮಾಲೀಕರು ಬೆಳಗಿನ ತಿಂಡಿಗೆ ರಿಯಾಯಿತಿ ಫಲಕ ಹಾಕಿ ಕುಳಿತಿದ್ದರು! ಎಂದಿನಂತೆ ಬರುತ್ತಿದ್ದವರಿಗೇ ಕಡಿಮೆ ದರ ಸಿಕ್ಕಿತು, ಸಂಜೆಯ ಕುರ್ಚಿಗಳು ಖಾಲಿಯಾಗಿಯೇ ಉಳಿದವು.

ರಿಯಾಯಿತಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. 100 ರೂಪಾಯಿಯ ತಿಂಡಿಗೆ ದಿನಸಿ, ಹಾಲು, ಗ್ಯಾಸ್ ಸೇರಿ 40 ರೂಪಾಯಿ ಖರ್ಚಾದರೆ 60 ಉಳಿಯುತ್ತದೆ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಅದರಲ್ಲೇ ನಡೆಯಬೇಕು. ಶೇಕಡಾ 20 ಬಿಟ್ಟರೆ ಉಳಿಯುವುದು 40. ಮೊದಲಿನಷ್ಟೇ ಹಣ ಕೈಯಲ್ಲಿ ಉಳಿಯಬೇಕಾದರೆ ಒಂದೂವರೆ ಪಟ್ಟು ತಟ್ಟೆಗಳು ಹೋಗಬೇಕು. ಅದೇ ರಿಯಾಯಿತಿಯನ್ನು ಮನೆಗೆ ತಲುಪಿಸುವ ಆ್ಯಪ್‌ನಲ್ಲಿ ಕೊಟ್ಟರೆ ಲೆಕ್ಕ ಇನ್ನೂ ಕೆಡುತ್ತದೆ. ಕಮಿಷನ್ ಶೇಕಡಾ 20 ಎಂದೇ ಇಟ್ಟುಕೊಳ್ಳಿ. 80ರಲ್ಲಿ 16 ಹೋಯಿತು, ತಿಂಡಿಯ ಖರ್ಚು 40 ಹೋಯಿತು, ಡಬ್ಬಿ-ಚೀಲಕ್ಕೆ 6 ಹೋಯಿತು. ಕೈಗೆ 18. ಮೂರು ಪಟ್ಟಿಗಿಂತ ಹೆಚ್ಚು ಆರ್ಡರ್ ಬಂದರೆ ಮಾತ್ರ ಹಳೆಯ ಜಾಗಕ್ಕೆ ಮರಳುತ್ತೀರಿ. ಹಿಂಜರಿತದಲ್ಲಿ ಯಾರ ಅಡುಗೆಮನೆಗೂ ಮೂರು ಪಟ್ಟು ಆರ್ಡರ್ ಬಂದದ್ದನ್ನು ನಾನು ಕಂಡಿಲ್ಲ.

ರಿಯಾಯಿತಿಗಿಂತ ಕೆಟ್ಟದ್ದು ಸದ್ದಿಲ್ಲದೆ ನಡೆಯುವ ಕಡಿತ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿ ಬೀಜದ ದರ ಅದಕ್ಕೂ ಮೊದಲೇ ಮೇಲೆ ಹೋಗಿತ್ತು. ಆಗ ಕೆಲವರು ದರಪಟ್ಟಿ ತಿದ್ದಿದರು, ಕೆಲವರು ಕಾಫಿಪುಡಿಯಲ್ಲಿ ಚಿಕೋರಿ ಹೆಚ್ಚಿಸಿದರು. ದರ ತಿದ್ದಿದವರ ಮೇಲೆ ಗಿರಾಕಿ ಒಂದು ವಾರ ಗೊಣಗುತ್ತಾರೆ. ಚಿಕೋರಿ ಹೆಚ್ಚಿಸಿದವರ ಬಳಿ ಗೊಣಗುವುದೂ ಇಲ್ಲ, ಎದುರಿನ ಹೋಟೆಲಿಗೆ ಹೋಗುತ್ತಾರೆ. ಖಾರಾಬಾತಿನ ಗೋಡಂಬಿ, ಸಾಂಬಾರಿನ ಬೇಳೆ, ಎರಡನೇ ಸಲದ ಚಟ್ನಿ, ಇವುಗಳಲ್ಲಿ ಉಳಿಯುವ ಹಣ ತೀರಾ ಕಡಿಮೆ. ಆದರೆ ನಿತ್ಯದ ಗಿರಾಕಿಯ ನಾಲಗೆ ಹಿಡಿಯುವುದು ಇವನ್ನೇ.

ಉಳಿಸಬೇಕಾದರೆ ಗಿರಾಕಿ ತಿನ್ನದ ವಸ್ತುವಿನಲ್ಲಿ ಉಳಿಸಬೇಕು. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ ಮಾಡಿದ್ದು ಅದನ್ನೇ: ಕುರ್ಚಿ ತೆಗೆಯಿತು, ಬಡಿಸುವವರನ್ನು ತೆಗೆಯಿತು, ನಿಂತು ತಿನ್ನುವ ಕಟ್ಟೆ ಹಾಕಿತು. ದೋಸೆಗೆ ಕೈ ಹಚ್ಚಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ಎಂಟಿಆರ್ ರವೆ ಇಡ್ಲಿ ಮಾಡಿತು ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಇಡ್ಲಿಯನ್ನು ಚಿಕ್ಕದು ಮಾಡಿ ಹಳೆಯ ಹೆಸರಿನಲ್ಲೇ ಮಾರಲಿಲ್ಲ, ಬೇರೆ ತಿಂಡಿಯನ್ನೇ ತಂದಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ದರ ಕಟ್ಟಿದಾಗ, ಆ ದರಕ್ಕೆ ತನ್ನ ಗುಣಮಟ್ಟ ಕೊಡಲಾಗದೆ ಎಂಟಿಆರ್ ಬಾಗಿಲನ್ನೇ ಹಾಕಿತು. ಸಿದ್ಧ ಮಿಶ್ರಣದ ಪೊಟ್ಟಣಗಳ ವ್ಯಾಪಾರಕ್ಕೆ ಅದು ಇಳಿದದ್ದು ಆಗ. ಜೇಬು ಬಿಗಿಯಾದ ಗಿರಾಕಿಗೆ ಅರ್ಧ ಪ್ಲೇಟ್ ಬೇಕಿದ್ದರೆ ಅರ್ಧ ಪ್ಲೇಟ್ ಎಂದೇ ಬರೆದು, ಅದಕ್ಕೆ ತಕ್ಕ ದರ ಹಾಕಿ ಕೊಡಿ. ಪೂರ್ತಿ ಪ್ಲೇಟಿನ ಹೆಸರಿನಲ್ಲಿ ಮುಕ್ಕಾಲು ಕೊಡಬೇಡಿ.

ಇನ್ನು ನಾಯಕತ್ವ. ದೊಡ್ಡ ಮಾತು, ಆದರೆ ಹೋಟೆಲಿನಲ್ಲಿ ಅದರ ಅರ್ಥ ಮಾಲೀಕರು ಎಲ್ಲಿ ನಿಂತಿದ್ದಾರೆ ಎಂಬುದು. ವ್ಯಾಪಾರ ಬಿದ್ದ ಕೂಡಲೇ ಬಹುತೇಕರು ಉಗ್ರಾಣಕ್ಕೆ ಸರಿದು ಎಣ್ಣೆಯ ಡಬ್ಬ ಎಣಿಸತೊಡಗುತ್ತಾರೆ. ಅವರು ಇರಬೇಕಾದದ್ದು ಹೊರಗೆ, ಮೇಜುಗಳ ನಡುವೆ. ನಿಜವಾದ ಮಾರಾಟ ನಡೆಯುವುದು ಅಲ್ಲಿ. ‘ಮತ್ತೇನು ಬೇಕು?’ ಎಂದು ಕೇಳುವ ಮಾಣಿಗೆ ‘ಸಾಕು, ಬಿಲ್ ಕೊಡಿ’ ಎಂಬ ಉತ್ತರ ಸಿಗುತ್ತದೆ. ‘ಗೋಳಿಬಜೆ ಈಗಷ್ಟೇ ಇಳಿಯಿತು, ಒಂದು ಪ್ಲೇಟ್ ತರಲೇ ಸಾರ್?’ ಎನ್ನುವವನಿಗೆ ಬೇರೆ ಉತ್ತರ ಸಿಗುತ್ತದೆ. ಹಾಗೆ ಹೇಳಬೇಕಾದರೆ ಗೋಳಿಬಜೆ ನಿಜವಾಗಿಯೂ ಆಗಷ್ಟೇ ಇಳಿದಿರಬೇಕು, ಅದು ಅವನಿಗೆ ಗೊತ್ತಿರಬೇಕು, ಮುಂದಿನ ತಿಂಗಳು ತಾನು ಕೆಲಸದಲ್ಲಿರುತ್ತೇನೆ ಎಂಬ ನಂಬಿಕೆಯೂ ಇರಬೇಕು.

ಈ ಮೂರನೆಯದನ್ನು ಮಾಲೀಕರು ಮಾತ್ರ ಕೊಡಬಲ್ಲರು. ಅಡುಗೆಯವರೂ ಮಾಣಿಗಳೂ ದಡ್ಡರಲ್ಲ. ಹಿಟ್ಟು ಎಷ್ಟು ರುಬ್ಬಿದೆವು, ಎಷ್ಟು ಮಿಕ್ಕಿತು ಎಂಬುದನ್ನು ಅವರೇ ಮೊದಲು ನೋಡಿರುತ್ತಾರೆ. ಅವರನ್ನು ಕೂರಿಸಿಕೊಂಡು ಅಂಕಿಗಳನ್ನು ಬಿಡಿಸಿ ಹೇಳಿ. ಕಡಿತ ಮಾಡಲೇಬೇಕಾದರೆ ಮೊದಲು ನಿಮ್ಮ ಮನೆಗೆ ಒಯ್ಯುವ ಹಣದಲ್ಲಿ, ನಂತರ ಖಾಲಿ ಹೊಡೆಯುವ ಪಾಳಿಯ ಗಂಟೆಗಳಲ್ಲಿ, ಕೊನೆಗೆ ಜನರಲ್ಲಿ. ಹಳೆಯ ಭಟ್ಟರೊಬ್ಬರನ್ನು ಸಂಬಳ ಹೆಚ್ಚೆಂದು ಬಿಡಿಸಿದರೆ ಸಾಂಬಾರಿನ ಅಳತೆಯೂ ಅವರ ಜೊತೆಗೇ ಹೊರಡುತ್ತದೆ. ಎಷ್ಟೋ ಅಡುಗೆಮನೆಗಳಲ್ಲಿ ಅದನ್ನು ಇಂದಿಗೂ ಬರೆದಿಟ್ಟಿಲ್ಲ.

2008ರ ಫೆಬ್ರುವರಿ 26ರಂದು ಅಮೆರಿಕದಲ್ಲಿ ಸ್ಟಾರ್‌ಬಕ್ಸ್ ತನ್ನ ಸುಮಾರು 7,100 ಮಳಿಗೆಗಳನ್ನು ಸಂಜೆ ಕೆಲವು ಗಂಟೆ ಮುಚ್ಚಿ ಕೆಲಸಗಾರರಿಗೆ ಎಸ್ಪ್ರೆಸೊ ಇಳಿಸುವುದನ್ನು ಮತ್ತೆ ಕಲಿಸಿತು. ಅದೇ ಜುಲೈನಲ್ಲಿ 600 ಮಳಿಗೆಗಳನ್ನು ಮುಚ್ಚುವುದಾಗಿಯೂ ಹೇಳಿತು. ನಮ್ಮಲ್ಲಿ ಮಳಿಗೆ ಮುಚ್ಚುವುದನ್ನು ಕಲಿತವರು ಬಹಳ, ಪಾಠದ ಭಾಗವನ್ನು ಕಲಿತವರು ಕಡಿಮೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೇಗೂ ಬಿಡುವು. ಡಿಕಾಕ್ಷನ್ ಎಷ್ಟು, ಹಾಲು ಎಷ್ಟು ಎಂದು ಎಲ್ಲರೂ ಒಂದೇ ಲೋಟ ಹಿಡಿದು ತೋರಿಸಲು ಅಷ್ಟು ಹೊತ್ತು ಸಾಕು.

ಬಾಡಿಗೆಯ ಬಗ್ಗೆ ಒಂದು ಮಾತು. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲುಗಳು ಶೇಕಡಾ 5ರ ಜಿಎಸ್‌ಟಿ ವಸೂಲಿ ಮಾಡುತ್ತವೆ, ಆದರೆ ತಾವು ಬಾಡಿಗೆ, ಖರೀದಿಗಳ ಮೇಲೆ ಕೊಟ್ಟ ತೆರಿಗೆಯನ್ನು ಅದರಿಂದ ವಜಾ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಬಾಡಿಗೆಯ ಮೇಲಿನ ಶೇಕಡಾ 18 ನೇರವಾಗಿ ನಿಮ್ಮ ಖರ್ಚು. ಬಾಡಿಗೆ ಇಳಿಸಿ ಎಂದು ಕೇಳುವುದಾದರೆ ಬಾಕಿ ಉಳಿಸಿಕೊಳ್ಳುವ ಮೊದಲೇ, ಆರು ತಿಂಗಳ ಬಿಲ್ ಸಂಖ್ಯೆಯ ಪಟ್ಟಿ ಹಿಡಿದು ಕೇಳಿ. ಮಳಿಗೆ ಖಾಲಿ ಬಿದ್ದರೆ ಹಿಂಜರಿತದಲ್ಲಿ ಹೊಸ ಬಾಡಿಗೆದಾರ ಸಿಗುವುದು ಕಷ್ಟ ಎಂಬುದು ಕಟ್ಟಡದ ಮಾಲೀಕರಿಗೂ ಗೊತ್ತು. ಒಂದು ವರ್ಷದ ಮಟ್ಟಿಗೆ ಕಡಿಮೆ ಬಾಡಿಗೆ, ಮಾರಾಟ ಇಂತಿಷ್ಟು ದಾಟಿದರೆ ಹಳೆಯ ಬಾಡಿಗೆ ಎಂಬ ಷರತ್ತಿಗೆ ಒಪ್ಪಿದವರನ್ನು ಕಂಡಿದ್ದೇನೆ. ಮೂರು ತಿಂಗಳು ಬಾಕಿ ಇಟ್ಟವರೊಂದಿಗೆ ಮಾತ್ರ ಯಾರೂ ಆ ಮಾತಿಗೆ ಕೂರುವುದಿಲ್ಲ.