ಸಾಲ ಮಾಡದೆ ಅಮೆರಿಕದಲ್ಲಿ ಜಿಯಾಲಜಿ ಓದಬಹುದಾ?

ಪ್ರಶ್ನೆ: ಎಂ.ಎಸ್ಸಿ. ಜಿಯಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಅಮೆರಿಕದಲ್ಲಿ ಮುಂದೆ ಓದುವ ಆಸೆ ಇದೆ. ಆದರೆ ನಮ್ಮ ಕಡೆಯಿಂದ ಎಂ.ಎಸ್. ಮಾಡಲು ಹೋದವರೆಲ್ಲ ಮನೆ, ಜಮೀನು ಅಡ ಇಟ್ಟು ಸಾಲ ಮಾಡಿದ್ದಾರೆ. ನಮ್ಮಿಂದ ಅದು ಆಗದು. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಸಾಲ ಮಾಡಿ ಹೋದವರಲ್ಲಿ ಹೆಚ್ಚಿನವರು ಕಂಪ್ಯೂಟರ್ ಕೋರ್ಸುಗಳಿಗೆ ಹೋದವರು. ಅಲ್ಲಿ ಎಂ.ಎಸ್. ಅಂದರೆ ವಿದ್ಯಾರ್ಥಿಯೇ ಫೀಸು ಕಟ್ಟುವ ಕೋರ್ಸು. ಜಿಯಾಲಜಿಯ ಲೆಕ್ಕ ಬೇರೆ. ಪಿಎಚ್‌ಡಿಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ವಿಭಾಗವೇ ಫೀಸು ಮನ್ನಾ ಮಾಡಿ ತಿಂಗಳ ಸ್ಟೈಪೆಂಡ್ ಕೊಡುತ್ತದೆ. ಥೀಸಿಸ್ ಬರೆಯುವ ಎಂ.ಎಸ್.ಗೂ ಎಷ್ಟೋ ಕಡೆ ಹೀಗೆ ಕೊಡುತ್ತಾರೆ. ಥೀಸಿಸ್ ಇಲ್ಲದ ಎಂ.ಎಸ್.ಗೆ ಮಾತ್ರ ಈ ಅನುಕೂಲ ಸಿಗುವುದು ಅಪರೂಪ. ಹಾಗಾಗಿ ದುಡ್ಡಿಲ್ಲದವರು ಅದರ ಕಡೆ ನೋಡದಿರುವುದೇ ಒಳ್ಳೆಯದು.

ಆ ಹಣ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಟೀಚಿಂಗ್ ಅಸಿಸ್ಟೆಂಟ್‌ಶಿಪ್. ಪದವಿ ಹುಡುಗರಿಗೆ ಖನಿಜ ಗುರುತಿಸುವುದು, ಮ್ಯಾಪ್ ಓದುವುದು ಹೇಳಿಕೊಡಬೇಕು, ಉತ್ತರಪತ್ರಿಕೆ ತಿದ್ದಬೇಕು. ವಾರಕ್ಕೆ ಹೆಚ್ಚೆಂದರೆ 20 ಗಂಟೆ ಕೆಲಸ. ಇನ್ನೊಂದು, ರಿಸರ್ಚ್ ಅಸಿಸ್ಟೆಂಟ್‌ಶಿಪ್. ಪ್ರೊಫೆಸರ್ ತಮ್ಮ ಪ್ರಾಜೆಕ್ಟಿಗೆ ತಂದ ಹಣದಲ್ಲಿ ನಿಮ್ಮನ್ನು ಇಟ್ಟುಕೊಳ್ಳುತ್ತಾರೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ನೇರವಾಗಿ ವಿದ್ಯಾರ್ಥಿಗಳಿಗೆ ಕೊಡುವ ದೊಡ್ಡ ಫೆಲೋಶಿಪ್ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅದಕ್ಕಾಗಿ ಸುಮ್ನೆ ಸಮಯ ಕಳೆಯಬೇಡಿ.

ಇದರಿಂದ ಒಂದು ಮುಖ್ಯ ವಿಷಯ ಗೊತ್ತಾಗುತ್ತದೆ. ನೀವು ಹುಡುಕಬೇಕಾದದ್ದು ಗೈಡನ್ನು, ವಿಶ್ವವಿದ್ಯಾಲಯದ ರ‍್ಯಾಂಕನ್ನಲ್ಲ. ಮುಂದಿನ ವರ್ಷ ಯಾರಿಗೆ ವಿದ್ಯಾರ್ಥಿ ಬೇಕು, ಯಾರ ಬಳಿ ಪ್ರಾಜೆಕ್ಟ್ ಹಣ ಇದೆ ಅನ್ನುವುದರ ಮೇಲೆ ಸೀಟು ನಿಂತಿದೆ. ಅರ್ಜಿಯ ಕೊನೆಯ ದಿನ ಬಹಳ ಕಡೆ ಡಿಸೆಂಬರ್ ಶುರುವಿನಿಂದ ಜನವರಿ ಮಧ್ಯದೊಳಗೆ ಬರುತ್ತದೆ. ಪ್ರೊಫೆಸರ್‌ಗೆ ಮೇಲ್ ಹೋಗಬೇಕಾದದ್ದು ಅದಕ್ಕಿಂತ ಮುಂಚೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಅರ್ಜಿ ಹಾಕಿದ ಮೇಲೆ ಮೇಲ್ ಬರೆಯುವವರು ತುಂಬಾ ಜನ. ಅಷ್ಟು ಹೊತ್ತಿಗೆ ಜಾಗ ಬಹುತೇಕ ತುಂಬಿರುತ್ತದೆ.

ಆ ಮೇಲ್ ಹೇಗಿರಬೇಕು? ‘ತಮ್ಮ ಘನ ಸಂಸ್ಥೆಯಲ್ಲಿ ಸಂಶೋಧನೆ ಮಾಡಲು ಅತೀವ ಆಸಕ್ತಿ ಹೊಂದಿದ್ದೇನೆ’ ಅಂತ ಶುರುವಾದರೆ ಅದನ್ನು ಯಾರೂ ಮುಂದೆ ಓದುವುದಿಲ್ಲ. ನೂರು ಜನಕ್ಕೆ ಅದೇ ಹೋಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ಕಲ್ಲಿನಿಂದ ಶುರು ಮಾಡಿ. ನೀವು ಚಿತ್ರದುರ್ಗದ ಕಡೆ ಪಿಲ್ಲೋ ಲಾವಾ (ನೀರಿನಡಿ ಹೊಮ್ಮಿ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ) ಮೇಲೆ ಡಿಸರ್ಟೇಶನ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. (ಮರಡಿಹಳ್ಳಿಯಲ್ಲಿ ಇರುವುದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ನೋಡಿ, ಅಳೆಯಿರಿ, ದಯವಿಟ್ಟು ಸುತ್ತಿಗೆ ಮಾತ್ರ ಎತ್ತಬೇಡಿ.) ಆಗ ಹೀಗೆ ಬರೆಯಬಹುದು (ಥಿನ್ ಸೆಕ್ಷನ್ ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡಲು ತೆಳ್ಳಗೆ ಮಾಡಿದ ಕಲ್ಲಿನ ಚೂರು):

‘ನಾನು ನೋಡಿದ ಥಿನ್ ಸೆಕ್ಷನ್‌ಗಳಲ್ಲಿ ಕ್ಲೋರೈಟ್, ಆಕ್ಟಿನೋಲೈಟ್, ಎಪಿಡೋಟ್ ಜಾಸ್ತಿ ಇವೆ. ಅಂದರೆ ಬಸಾಲ್ಟ್ ಆಮೇಲೆ ಸಾಕಷ್ಟು ಬದಲಾಗಿದೆ. ಹಾಗಿದ್ದಾಗ ಸುಲಭವಾಗಿ ಕದಲುವ ಪೊಟ್ಯಾಸಿಯಂ, ರುಬಿಡಿಯಂ ಅಂಕಿಗಳನ್ನು ನಂಬುವುದು ಕಷ್ಟ. ಅಷ್ಟಾಗಿ ಕದಲದ ಟೈಟಾನಿಯಂ, ಜಿರ್ಕೋನಿಯಂ ಅಂಕಿಗಳಿಂದ ಮೂಲ ಲಾವಾದ ಬಗ್ಗೆ ಎಷ್ಟು ಹೇಳಬಹುದು ಅನ್ನುವುದು ನನ್ನ ಪ್ರಶ್ನೆ. ನಿಮ್ಮ ಗುಂಪು ಇಂಥದ್ದೇ ಹಳೆಯ ಲಾವಾಗಳ ಮೇಲೆ ಕೆಲಸ ಮಾಡುತ್ತಿರುವುದನ್ನು ಓದಿದೆ. ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಿರಾ?’

ಇಷ್ಟು ಸಾಕು. ಜೊತೆಗೆ ಎರಡು ಪುಟದ ಸಿ.ವಿ. ಇರಲಿ. ಕಲ್ಲನ್ನು ಕೈಯಲ್ಲಿ ಹಿಡಿದು ಯೋಚಿಸಿದವರು ಯಾರು ಅಂತ ಪ್ರೊಫೆಸರ್‌ಗೆ ನಾಲ್ಕೇ ಸಾಲಿನಲ್ಲಿ ತಿಳಿಯುತ್ತದೆ. ಇನ್ನೊಂದು ಮಾತು: ಕರ್ನಾಟಕದ ಬಹುಭಾಗದ ಕೆಳಗಿರುವ ಹಳೆಯ ಶಿಲಾನೆಲೆಯಾದ ಧಾರವಾಡ ಕ್ರೇಟಾನ್‌ನ ಕಲ್ಲುಗಳು ಭೂಮಿಯ ತೀರಾ ಹಳೆಯ ಹೊರಪದರದ ತುಣುಕು. ಲಾಲ್‌ಬಾಗ್‌ನ ಬಂಡೆಗೇ ಸುಮಾರು 300 ಕೋಟಿ ವರ್ಷ. ಇಂಥ ಕಲ್ಲು ನೋಡಲು ದೂರದ ದೇಶಗಳಿಂದ ಜನ ಬರುತ್ತಾರೆ. ನೀವು ಅದರ ಮೇಲೆ ನಡೆದಾಡಿ ಕಲಿತವರು. ಅದನ್ನು ಹೇಳಿಕೊಳ್ಳಲು ಸಂಕೋಚ ಯಾಕೆ?

ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ‘ಈ ವರ್ಷ ಹಣ ಇಲ್ಲ’ ಅಂತ ಉತ್ತರ ಬಂದರೆ ಅದನ್ನು ನಂಬಿ, ಅಲ್ಲಿಗೆ ಅರ್ಜಿ ಫೀಸು ಕಟ್ಟಬೇಡಿ. 2025ರಲ್ಲಿ ಅಮೆರಿಕದಲ್ಲಿ ಸಂಶೋಧನೆಯ ಹಣಕ್ಕೆ ಕತ್ತರಿ ಬಿದ್ದು ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿಮೆ ಮಾಡಿದವು. ಅದಕ್ಕೇ ಮೊದಲು ಕೇಳಿಕೊಂಡು ಆಮೇಲೆ ಅರ್ಜಿ ಹಾಕುವುದು ಈಗ ಇನ್ನೂ ಮುಖ್ಯ. ಬಹಳಷ್ಟು ಜಿಯಾಲಜಿ ವಿಭಾಗಗಳು ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುವುದನ್ನು ಬಿಟ್ಟಿವೆ. ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಮಾತ್ರ ಸಾಮಾನ್ಯವಾಗಿ ಬೇಕಾಗುತ್ತದೆ.

ಆಫರ್ ಪತ್ರ ಬಂದಾಗ ಖುಷಿಯಲ್ಲಿ ಕೂಡಲೇ ಒಪ್ಪಿಕೊಳ್ಳಬೇಡಿ, ನಿಧಾನವಾಗಿ ಓದಿ. ಸ್ಟೈಪೆಂಡ್ 9 ತಿಂಗಳಿಗೋ 12 ತಿಂಗಳಿಗೋ? 9 ಆದರೆ ಬೇಸಿಗೆಯಲ್ಲಿ ಖರ್ಚಿಗೆ ಏನು ಮಾಡಬೇಕು ಅಂತ ಕೇಳಿ. ಎಷ್ಟು ವರ್ಷಕ್ಕೆ ಗ್ಯಾರಂಟಿ? ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ? ಟ್ಯೂಷನ್ ಮನ್ನಾ ಆದರೂ ‘ಸ್ಟೂಡೆಂಟ್ ಫೀಸ್’ ಅಂತ ಪ್ರತಿ ಸೆಮಿಸ್ಟರ್ ಬೇರೆ ಕಟ್ಟಿಸಿಕೊಳ್ಳುವ ಕಡೆಗಳಿವೆ. ಇದನ್ನೆಲ್ಲ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಣದ ಸಮೇತ ಬಂದ ಆಫರ್‌ಗೆ ಏಪ್ರಿಲ್ 15ರವರೆಗೆ ಉತ್ತರ ಕೊಡಲು ಸಮಯ ಇರುತ್ತದೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. ವಿಭಾಗದವರು ಅವಸರ ಮಾಡಿದರೆ ಇದನ್ನು ವಿನಯದಿಂದ ನೆನಪಿಸಬಹುದು.

ಪೂರ್ತಿ ಫಂಡಿಂಗ್ ಸಿಕ್ಕರೂ ಮೊದಲ ಖರ್ಚು ನಿಮ್ಮದೇ. ಸೆವಿಸ್ ಶುಲ್ಕ (ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆ ಅಮೆರಿಕ ಸರ್ಕಾರ ತೆಗೆದುಕೊಳ್ಳುವುದು), ವೀಸಾ, ವಿಮಾನದ ಟಿಕೆಟ್, ಬಾಡಿಗೆ ಮನೆಯ ಅಡ್ವಾನ್ಸ್, ಆಮೇಲೆ ಮೊದಲ ಸ್ಟೈಪೆಂಡ್ ಕೈಗೆ ಬರುವ ತನಕದ ಊಟ. ಇದಕ್ಕೆ ಜಮೀನು ಅಡ ಇಡಬೇಕಿಲ್ಲ. 1892ರಿಂದ ನಡೆಯುತ್ತಿರುವ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದಲ್ಲಿ ಓದುವವರಿಗೆ, ಆಮೇಲೆ ತೀರಿಸಬೇಕಾದ ಲೋನ್ ಸ್ಕಾಲರ್‌ಶಿಪ್ ಕೊಡುತ್ತದೆ. ಪರಿಶಿಷ್ಟ ಜಾತಿಯವರು, ಅಲೆಮಾರಿ ಸಮುದಾಯದವರು, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳು ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು.

ಇದರ ಜೊತೆಗೇ ಭಾರತದಲ್ಲಿ ಸಂಶೋಧನಾ ಫೆಲೋಶಿಪ್‌ಗೆ ನಡೆಯುವ ರಾಷ್ಟ್ರೀಯ ಪರೀಕ್ಷೆ ಸಿಎಸ್ಐಆರ್-ನೆಟ್‌ಗೂ ಓದಿ. ಅರ್ಥ್ ಸೈನ್ಸಸ್ ಪತ್ರಿಕೆಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ, ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಪಿಎಚ್‌ಡಿಗೆ ಆ ಹಣ ನಿಮ್ಮ ಜೊತೆಗೇ ಬರುತ್ತದೆ. ಗೈಡ್ ಬಳಿ ಪ್ರಾಜೆಕ್ಟ್ ಹಣ ಇದೆಯಾ ಇಲ್ಲವಾ ಅನ್ನುವ ಚಿಂತೆ ಅಲ್ಲಿ ಅಷ್ಟಿಲ್ಲ. ನನ್ನನ್ನು ಕೇಳಿದರೆ, ಅಮೆರಿಕದಿಂದ ಅರೆಬರೆ ಫಂಡಿಂಗ್ ಬಂದು ಇಲ್ಲಿ ಜೆಆರ್‌ಎಫ್ ಸಿಕ್ಕಿದ್ದರೆ, ಇಲ್ಲೇ ಸೇರಿಕೊಳ್ಳಿ ಅನ್ನುತ್ತೇನೆ. ಪಿಎಚ್‌ಡಿ ಮುಗಿದ ಮೇಲೆ ಪೋಸ್ಟ್‌ಡಾಕ್‌ಗೆ ಅಲ್ಲಿಗೆ ಹೋಗಬಹುದು, ಆಗ ಸಂಬಳ ಕೊಟ್ಟೇ ಕರೆಸಿಕೊಳ್ಳುತ್ತಾರೆ.