ನಾಲ್ಕೂ ದಿಕ್ಕಿಗೆ ಒಂದೇ ನೆರೆರಾಷ್ಟ್ರ: ಲೆಸೊಥೊ ಪ್ರತ್ಯೇಕ ದೇಶವಾಗಿ ಉಳಿದದ್ದು ಹೇಗೆ?

ಓದುಗರ ಪ್ರಶ್ನೆ: ಭೂಪಟದಲ್ಲಿ ದಕ್ಷಿಣ ಆಫ್ರಿಕಾದ ಒಳಗೇ ಲೆಸೊಥೊ ಎಂಬ ಪುಟ್ಟ ದೇಶವೊಂದು ಕಾಣುತ್ತದೆ. ಸುತ್ತಲೂ ಒಂದೇ ದೇಶವಿರುವಾಗ ಇದು ಅದರಲ್ಲಿ ಸೇರಿಹೋಗದೆ ಉಳಿದದ್ದು ಹೇಗೆ? ಆ ಕಡೆ ಪ್ರವಾಸ ಹೋದವರು ಅಲ್ಲಿಗೂ ಹೋಗಿಬರುವುದು ಯೋಗ್ಯವೇ?

ಉತ್ತರ: ಬೆಟ್ಟಗಳು ಕಾಪಾಡಿದವು ಎಂಬುದು ಈ ಪ್ರಶ್ನೆಗೆ ಎಲ್ಲೆಡೆ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. 30,355 ಚದರ ಕಿಲೋಮೀಟರ್ ವಿಸ್ತೀರ್ಣದ ಲೆಸೊಥೊದಲ್ಲಿ ಅತ್ಯಂತ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಇಡೀ ನೆಲ ಸಾವಿರ ಮೀಟರಿಗಿಂತ ಮೇಲಿರುವ ಸ್ವತಂತ್ರ ದೇಶ ಜಗತ್ತಿನಲ್ಲಿ ಇದೊಂದೇ. ದೇಶದ ಬಹುಪಾಲು 1,800 ಮೀಟರಿಗಿಂತ ಎತ್ತರದಲ್ಲಿದೆ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಅಲ್ಲಿನ ಜನ ಮನೆ ಕಟ್ಟಿ, ಹೊಲ ಉತ್ತು ಬದುಕುತ್ತಿದ್ದಾರೆ. ಥಬಾನಾ ಎನ್ಟ್ಲೆನ್ಯಾನಾ ಎಂಬ ಶಿಖರದ ಎತ್ತರ 3,482 ಮೀಟರ್. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಆದರೆ ಬೆಟ್ಟಗಳಿದ್ದ ಮಾತ್ರಕ್ಕೆ ದೇಶ ಉಳಿಯುವುದಾಗಿದ್ದರೆ ಉತ್ತರದ ಪೆಡಿ ಜನರ ರಾಜ್ಯವೂ ಉಳಿಯಬೇಕಿತ್ತು. ಅವರಿಗೂ ದುರ್ಗಮ ಬೆಟ್ಟಗಳಿದ್ದವು, ಸೆಖುಖುನೆಯಂಥ ದಿಟ್ಟ ದೊರೆ ಇದ್ದ. ಆದರೂ 1879ರಲ್ಲಿ ಬ್ರಿಟಿಷ್ ಸೇನೆಯ ಮುಂದೆ ಅವರು ಸೋತರು. ಲೆಸೊಥೊದ ಜನರಾದ ಬಸೊಥೊಗಳನ್ನು ಉಳಿಸಿದ್ದು ಬೆಟ್ಟದ ಜೊತೆಗೆ ಅವರ ರಾಜಕೀಯ ವಿವೇಕ.

ಆ ವಿವೇಕಕ್ಕೆ ಮೂಲಪುರುಷ ಮೊದಲನೆಯ ಮೊಶ್ವೇಶ್ವೆ. ಸುಮಾರು 1786ರಲ್ಲಿ ಒಂದು ಸಣ್ಣ ಕುಲದ ನಾಯಕನ ಮನೆಯಲ್ಲಿ ಹುಟ್ಟಿದ ಆತ ಯೌವನದಲ್ಲಿ ಕಂಡದ್ದು ಯುದ್ಧ, ಬರ, ಗುಳೆ. 1820ರ ದಶಕದಲ್ಲಿ ಆ ಪ್ರದೇಶವೆಲ್ಲ ಅಲ್ಲೋಲಕಲ್ಲೋಲವಾಗಿದ್ದಾಗ, 1824ರಲ್ಲಿ ಆತ ತನ್ನವರನ್ನು ಕರೆದುಕೊಂಡು ಥಾಬಾ ಬೊಸಿಯು ಎಂಬ ಚಪ್ಪಟೆ ನೆತ್ತಿಯ ಬೆಟ್ಟವನ್ನು ಸೇರಿದ. ದಾರಿಯಲ್ಲಿ ಆತನ ಅಜ್ಜ ಪೀಟೆ ನರಭಕ್ಷಕರ ಕೈಗೆ ಸಿಕ್ಕಿ ಹತನಾದನೆಂದೂ, ಮುಂದೆ ಅವರು ಸೆರೆಸಿಕ್ಕಾಗ ‘ಇವರ ಹೊಟ್ಟೆಯೇ ನನ್ನ ಅಜ್ಜನ ಸಮಾಧಿ, ಅದಕ್ಕೆ ಅಪಚಾರ ಮಾಡಲಾರೆ’ ಎಂದು ಮೊಶ್ವೇಶ್ವೆ ಅವರನ್ನು ಕೊಲ್ಲದೆ ಬಿಟ್ಟನೆಂದೂ ಬಸೊಥೊ ಜನ ಇಂದಿಗೂ ಹೇಳುತ್ತಾರೆ. ನೆಲೆ ಕಳೆದುಕೊಂಡು ಬಂದವರಿಗೆ ಆತ ಸಾಕಲು ದನಗಳನ್ನು ಕೊಡುತ್ತಿದ್ದ. ಹಾಲು ಸಾಕಿದವರದು, ದನ ದೊರೆಯದು. ಹೀಗೆ ಬೇರೆಬೇರೆ ಕುಲಗಳಿಂದ ಚದುರಿ ಬಂದವರು ಒಂದೇ ತಲೆಮಾರಿನಲ್ಲಿ ಒಂದು ಜನಾಂಗವಾಗಿ ಬೆಳೆದರು.

ಮೊಶ್ವೇಶ್ವೆಯ ನಡೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು, ಗೆದ್ದ ದಿನವೂ ಎದುರಾಳಿಗೆ ಮರ್ಯಾದೆಯಿಂದ ಹಿಂದಿರುಗುವ ದಾರಿಯನ್ನು ತೆರೆದಿಡುತ್ತಿದ್ದ ಗುಣ. ಎನ್‌ಡೆಬೆಲೆ ಎಂಬ ಇನ್ನೊಂದು ಜನಾಂಗದ ಪಡೆ ಥಾಬಾ ಬೊಸಿಯು ಹತ್ತಲಾಗದೆ ಹಿಮ್ಮೆಟ್ಟಿದಾಗ, ಹಸಿವೇ ನಿಮ್ಮನ್ನು ಇಲ್ಲಿಗೆ ತಂದಿರಬೇಕು ಎಂದು ಆತ ಅವರಿಗೆ ದನಗಳನ್ನು ಕಳುಹಿಸಿಕೊಟ್ಟ. 1852ರ ಡಿಸೆಂಬರಿನಲ್ಲಿ ದಕ್ಷಿಣದ ಬ್ರಿಟಿಷ್ ವಸಾಹತಾಗಿದ್ದ ಕೇಪ್ ಕಾಲೊನಿಯ ಗವರ್ನರ್ ಜಾರ್ಜ್ ಕ್ಯಾತ್‌ಕಾರ್ಟ್ ಸೈನ್ಯ ತಂದು, ಬಸೊಥೊ ಸವಾರರ ಎದುರು ಪೆಟ್ಟು ತಿಂದ ರಾತ್ರಿಯೇ ಮೊಶ್ವೇಶ್ವೆ ಆತನಿಗೆ ಪತ್ರ ಬರೆಸಿದ: ನಿಮ್ಮ ಬಲವನ್ನು ತೋರಿಸಿದ್ದೀರಿ, ಶಿಕ್ಷಿಸಿದ್ದೀರಿ, ಇಷ್ಟು ಸಾಕು, ಇನ್ನು ನನ್ನನ್ನು ರಾಣಿಯ ಶತ್ರುವೆಂದು ಎಣಿಸಬೇಡಿ ಎಂಬುದು ಅದರ ಸಾರ. ಕ್ಯಾತ್‌ಕಾರ್ಟ್ ಅದನ್ನೇ ನೆಪ ಮಾಡಿಕೊಂಡು ಸೈನ್ಯದೊಂದಿಗೆ ಹಿಂದಿರುಗಿದ.

ಆದರೆ ಬೋಯರರ, ಎಂದರೆ ಡಚ್ ಮೂಲದ ವಲಸಿಗರ, ಆರೆಂಜ್ ಫ್ರೀ ಸ್ಟೇಟ್ ಎಂಬ ರಾಜ್ಯದ ಜೊತೆಗಿನ ಜಗಳ ಫಲವತ್ತಾದ ಹೊಲಗಳಿಗಾಗಿ ನಡೆದದ್ದು. ಅದು ಪತ್ರದಿಂದ ತೀರುವಂಥದ್ದಾಗಿರಲಿಲ್ಲ. 1858ರಿಂದ 1868ರವರೆಗೆ ಮೂರು ಯುದ್ಧಗಳಾದವು. 1865ರಲ್ಲಿ ಥಾಬಾ ಬೊಸಿಯು ಹತ್ತಲು ಹೋದ ಬೋಯರ್ ದಳಪತಿ ಲೌ ವೆಪೆನರ್ ಅಲ್ಲೇ ಸತ್ತ, ಬೆಟ್ಟ ಬೀಳಲಿಲ್ಲ. ಬಿದ್ದದ್ದು ಸುತ್ತಲಿನ ಪೈರು, ದನ, ಹಳ್ಳಿಗಳು. ಜನ ಉಪವಾಸ ಬೀಳುವ ಹೊತ್ತಿಗೆ ಮೊಶ್ವೇಶ್ವೆ ಬಹುಕಾಲದಿಂದ ಕೇಳುತ್ತಿದ್ದ ಬ್ರಿಟಿಷ್ ರಕ್ಷಣೆ 1868ರ ಮಾರ್ಚ್ 12ರಂದು ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1869ರ ಒಪ್ಪಂದದಲ್ಲಿ ಕ್ಯಾಲೆಡನ್ ನದಿಯ ಪಶ್ಚಿಮದ ಒಳ್ಳೆಯ ಭೂಮಿ ಫ್ರೀ ಸ್ಟೇಟಿನ ಪಾಲಾಯಿತು. ಇಂದು ಗಡಿಯ ಆಚೆ ಕಾಣುವ ವಿಶಾಲವಾದ ಹೊಲಗಳಿಗೂ ಈಚೆಯ ಇಳಿಜಾರಿನ ತುಂಡು ಜಮೀನುಗಳಿಗೂ ಇರುವ ಅಂತರಕ್ಕೆ ಅದೇ ಒಪ್ಪಂದ ಕಾರಣ. 1870ರ ಮಾರ್ಚಿನಲ್ಲಿ ಮೊಶ್ವೇಶ್ವೆ ತೀರಿಕೊಂಡ.

ಅನೇಕರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಮುಂದಿನ ಹದಿನೈದು ವರ್ಷಗಳಲ್ಲಿ. 1871ರಲ್ಲಿ ಬ್ರಿಟಿಷರು ಈ ನಾಡನ್ನು, ಜನರನ್ನು ಕೇಳದೆಯೇ, ಕೇಪ್ ಕಾಲೊನಿಯ ಆಡಳಿತಕ್ಕೆ ಒಪ್ಪಿಸಿಬಿಟ್ಟರು. ಹಾಗೆಯೇ ಉಳಿದಿದ್ದರೆ 1910ರಲ್ಲಿ ಕೇಪ್ ಕಾಲೊನಿಯೊಂದಿಗೆ ಇದೂ ದಕ್ಷಿಣ ಆಫ್ರಿಕಾ ಒಕ್ಕೂಟದ ಒಂದು ಜಿಲ್ಲೆಯಾಗಿ ಕರಗಿಹೋಗುತ್ತಿತ್ತು. ಹಾಗಾಗದಂತೆ ತಡೆದದ್ದು 1880ರ ಬಂದೂಕು ಯುದ್ಧ. ಬಸೊಥೊ ಜನ ವಜ್ರದ ಗಣಿಗಳಲ್ಲಿ ದುಡಿದು ಕೊಂಡಿದ್ದ ಬಂದೂಕುಗಳನ್ನು ಒಪ್ಪಿಸಬೇಕೆಂದು ಕೇಪ್ ಸರ್ಕಾರ ಆಜ್ಞೆ ಹೊರಡಿಸಿದಾಗ ಹಲವು ನಾಯಕರು ತಿರುಗಿಬಿದ್ದರು. ಬೆಟ್ಟದ ಕುದುರೆಗಳ ಮೇಲೆ ಹೋರಾಡುತ್ತಿದ್ದ ಅವರನ್ನು ಸೋಲಿಸಲು ಕೇಪ್ ಸೇನೆಯಿಂದ ಆಗಲಿಲ್ಲ. ಖರ್ಚಿನಿಂದ ಬೇಸತ್ತ ಕೇಪ್ ಸರ್ಕಾರ ಕೈತೊಳೆದುಕೊಂಡಿತು, 1884ರಲ್ಲಿ ಬಸುಟೊಲ್ಯಾಂಡ್ (ಲೆಸೊಥೊಗೆ ಆಗಿದ್ದ ಹೆಸರು) ನೇರವಾಗಿ ಲಂಡನ್ನಿನ ಆಡಳಿತಕ್ಕೆ ಮರಳಿತು. 1910ರ ಒಕ್ಕೂಟದಿಂದ ಅದು ಹೊರಗುಳಿದದ್ದು ಈ ಕಾರಣದಿಂದ. ಮುಂದೆ ಯಾವಾಗಲಾದರೂ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು, ದಕ್ಷಿಣ ಆಫ್ರಿಕಾದ ಸರ್ಕಾರಗಳು ಮತ್ತೆಮತ್ತೆ ಕೇಳಿದ್ದೂ ಉಂಟು. ಆದರೆ ಬಸೊಥೊ ನಾಯಕರು ಒಪ್ಪಲಿಲ್ಲ, 1948ರ ನಂತರ ವರ್ಣಭೇದ ನೀತಿ ಬಂದ ಮೇಲಂತೂ ಬ್ರಿಟನ್ನಿಗೂ ಹಾಗೆ ಒಪ್ಪಿಸಿಬಿಡುವುದು ಕಷ್ಟವಾಯಿತು. 1966ರ ಅಕ್ಟೋಬರ್ 4ರಂದು ಲೆಸೊಥೊ ಸ್ವತಂತ್ರವಾಯಿತು.

ಇನ್ನು ಪ್ರವಾಸದ ಮಾತು. ಖಂಡಿತ ಹೋಗಬೇಕಾದ ದೇಶ ಇದು, ಮತ್ತು ಮೇಲಿನ ಚರಿತ್ರೆ ಗೊತ್ತಿದ್ದವರಿಗೆ ನೋಡುವುದು ಇನ್ನೂ ಹೆಚ್ಚು. ರಾಜಧಾನಿ ಮಸೇರು ಕ್ಯಾಲೆಡನ್ ನದಿಯ ದಡದಲ್ಲೇ, ಗಡಿಗೆ ಅಂಟಿಕೊಂಡಿದೆ. 1869ರಲ್ಲಿ ಬ್ರಿಟಿಷರು ಹೂಡಿದ ಠಾಣೆಯಿಂದ ಬೆಳೆದ ಊರು. 1998ರ ರಾಜಕೀಯ ಗಲಭೆಯಲ್ಲಿ ನಗರದ ಅಂಗಡಿಸಾಲುಗಳು ಸುಟ್ಟುಹೋಗಿದ್ದರಿಂದ ಹಳೆಯ ಕಟ್ಟಡಗಳು ಹೆಚ್ಚಿಲ್ಲ, ಅರ್ಧ ದಿನ ಸಾಕು. ಅಲ್ಲಿಂದ ಒಂದು ಗಂಟೆಯೊಳಗೆ ಥಾಬಾ ಬೊಸಿಯು ತಲುಪಬಹುದು. ಕಲ್ಲುದಾರಿಯಲ್ಲಿ ಹತ್ತಿ ಮೇಲೆ ಹೋದರೆ ಹುಲ್ಲುಬಯಲು, ಕಲ್ಲಿನ ಮನೆಗಳ ಅವಶೇಷ, ಮೊಶ್ವೇಶ್ವೆಯ ಸಮಾಧಿ. ಎದುರಿಗೆ ಕಿಲ್ವಾನೆ ಎಂಬ ಚೂಪಾದ ಮರಳುಗಲ್ಲಿನ ಗುಡ್ಡ ಒಂಟಿಯಾಗಿ ನಿಂತಿದೆ. ದೇಶದ ಧ್ವಜದಲ್ಲಿರುವ ಹುಲ್ಲಿನ ಟೋಪಿಯ ಆಕಾರ ಈ ಗುಡ್ಡದ್ದೇ ಎನ್ನುತ್ತಾರೆ. ಸೈನ್ಯಗಳು ಎಲ್ಲಿ ನಿಂತು ಮೇಲೆ ನೋಡಿದವು, ಎಲ್ಲಿ ಬಂಡೆಗಳು ಉರುಳಿದವು ಎಂಬುದು ಅಲ್ಲಿ ನಿಂತರೆ ಯಾರೂ ವಿವರಿಸದೆ ತಿಳಿಯುತ್ತದೆ.

ಮಸೇರುವಿನ ದಕ್ಷಿಣಕ್ಕಿರುವ ಮೊರಿಜಾ ಮರಗಳ ನೆರಳಿನ ಸಣ್ಣ ಊರು. 1833ರಲ್ಲಿ ಬಂದ ಫ್ರೆಂಚ್ ಮಿಷನರಿಗಳು ಇಲ್ಲಿ ನೆಲೆಸಿದರು. ಅವರಲ್ಲಿ ಯೂಜಿನ್ ಕಸಾಲಿಸ್ ಮೊಶ್ವೇಶ್ವೆಗೆ ವಿದೇಶಾಂಗ ವ್ಯವಹಾರಗಳ ಸಲಹೆಗಾರನಾಗಿದ್ದ. 1863ರಲ್ಲೇ ಸೆಸೊಥೊ ಭಾಷೆಯ ಪತ್ರಿಕೆಯೊಂದು ಆರಂಭವಾಯಿತು, ಆ ಭಾಷೆಯ ಮೊದಲ ಕಾದಂಬರಿಗಳೂ ಮೊರಿಜಾದ ಮುದ್ರಣಾಲಯದಿಂದಲೇ ಹೊರಬಂದವು. ಊರಿನ ವಸ್ತುಸಂಗ್ರಹಾಲಯವನ್ನು ಅವಸರವಿಲ್ಲದೆ ನೋಡಬೇಕು.

ಬೆಟ್ಟಗಳ ಒಳಗೆ ಹೋಗುವವರಿಗೆ ಸೆಮೊಂಕಾಂಗ್ ಸೂಕ್ತ ಜಾಗ. ಅದರ ಹತ್ತಿರ ಮಲೆಟ್ಸುನ್ಯಾನೆ ಜಲಪಾತ 192 ಮೀಟರ್ ಎತ್ತರದಿಂದ ಒಂದೇ ನೆಗೆತಕ್ಕೆ ಕಣಿವೆಗೆ ಬೀಳುತ್ತದೆ. ಇಲ್ಲಿ ಕುದುರೆ ಸವಾರಿ ಪ್ರವಾಸಿಗರಿಗೆಂದು ಹುಟ್ಟಿಸಿದ ಮೋಜಲ್ಲ. ರಸ್ತೆಯಿಲ್ಲದ ಹಳ್ಳಿಗಳಿಗೆ ಹಿಟ್ಟಿನ ಚೀಲ ಹೋಗುವುದೂ ಕುದುರೆ, ಕತ್ತೆಗಳ ಮೇಲೆಯೇ. ಹುಡುಗರು ಹೊದ್ದ ಉಣ್ಣೆಯ ಕಂಬಳಿಗಳನ್ನು ಗಮನಿಸಿ: ಅಂಚಿನ ಪಟ್ಟೆ ಯಾವಾಗಲೂ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇರುವಂತೆ ಹೊದೆಯುತ್ತಾರೆ, ಅದು ಏಳಿಗೆಯ ಗುರುತು, ಕೆಲವು ಕಂಬಳಿಗಳಲ್ಲಿ ಮೆಕ್ಕೆಜೋಳದ ತೆನೆಯ ಚಿತ್ರವಿರುತ್ತದೆ. ಹಳ್ಳಿಯ ಮನೆಗಳ ಮುಂದೆ ಕೋಲಿಗೆ ಕಟ್ಟಿದ ಬಾವುಟಗಳೂ ಕಾಣುತ್ತವೆ. ಬಿಳಿ ಬಾವುಟವೆಂದರೆ ಮನೆಯಲ್ಲಿ ಮಾಡಿದ ಜೋಳದ ಬಿಯರ್ ಇದೆ, ಕೆಂಪು ಎಂದರೆ ಮಾಂಸ, ಹಸಿರು ಎಂದರೆ ತರಕಾರಿ ಮಾರಾಟಕ್ಕಿದೆ ಎಂದು ಅರ್ಥ. ಊಟಕ್ಕೆ ಮೆಕ್ಕೆಜೋಳದ ಪಾಪಾ ಮತ್ತು ಬೇಯಿಸಿದ ಸೊಪ್ಪು ಸಾಮಾನ್ಯ. ಪಾಪಾವನ್ನು ನಮ್ಮ ಮುದ್ದೆಯಂತೆ ಕೈಯಲ್ಲೇ ಮುರಿದು ಸೊಪ್ಪಿನ ಜೊತೆ ತಿನ್ನುತ್ತಾರೆ, ಸಸ್ಯಾಹಾರಿಗಳಿಗೂ ತೊಂದರೆಯಾಗದು.

ಇನ್ನೂ ಒಳಗಿರುವ ಕಾಟ್ಸೆ ಅಣೆಕಟ್ಟು 185 ಮೀಟರ್ ಎತ್ತರದ ಕಮಾನು ಗೋಡೆ. 1986ರ ಒಪ್ಪಂದದಂತೆ ಇಲ್ಲಿನ ನೀರು ಬೆಟ್ಟದಡಿಯ ಸುರಂಗಗಳಲ್ಲಿ ಸುಮಾರು 80 ಕಿಲೋಮೀಟರ್ ಹರಿದು ಜೊಹಾನ್ಸ್‌ಬರ್ಗ್ ಸುತ್ತಲಿನ ನಗರಗಳಿಗೆ ಹೋಗುತ್ತದೆ, ಅದರ ಶುಲ್ಕ ಲೆಸೊಥೊದ ಬೊಕ್ಕಸಕ್ಕೆ ಬರುತ್ತದೆ. ನೋಡಲು ಭವ್ಯವಾಗಿದೆ ನಿಜ. ಆದರೆ ಆ ನೀಲಿ ನೀರಿನಡಿ ಜನರ ಹೊಲ, ಹುಲ್ಲುಗಾವಲುಗಳು ಮುಳುಗಿವೆ ಎಂಬುದನ್ನೂ ತಿಳಿದು ನೋಡಬೇಕು.

ಹೆಚ್ಚಿನ ಪ್ರವಾಸಿಗರು ಪೂರ್ವದ ಸಾನಿ ಪಾಸ್ ಘಾಟಿಯನ್ನು ಹತ್ತಿ, 2,800 ಮೀಟರಿಗಿಂತ ಮೇಲಿರುವ ಗಡಿಠಾಣೆಯ ಬಳಿ ಫೋಟೊ ತೆಗೆದು ಅದೇ ದಿನ ಇಳಿದುಬಿಡುತ್ತಾರೆ. ಅಷ್ಟು ನೋಡಿ ಲೆಸೊಥೊ ನೋಡಿದೆವೆಂದು ಹೇಳಲಾಗದು. ಕನಿಷ್ಠ ನಾಲ್ಕು ದಿನ ಬೇಕು. ಜೊಹಾನ್ಸ್‌ಬರ್ಗಿನಿಂದ ಮಸೇರುವಿಗೆ ವಿಮಾನವೂ ಇದೆ, ರಸ್ತೆಯಲ್ಲಾದರೆ ಸುಮಾರು 400 ಕಿಲೋಮೀಟರ್. ಹೋಗುವುದೂ ಮರಳುವುದೂ ದಕ್ಷಿಣ ಆಫ್ರಿಕಾದ ಮೂಲಕವೇ ಆದ್ದರಿಂದ ಆ ದೇಶದ ವೀಸಾ ಕೇಳುವಾಗಲೇ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅನುಮತಿ ಇರುವಂಥದ್ದನ್ನು ಕೇಳಿಕೊಳ್ಳಿ. ಅಲ್ಲಿನ ಲೋಟಿ ಮತ್ತು ದಕ್ಷಿಣ ಆಫ್ರಿಕಾದ ರ‍್ಯಾಂಡ್ ಸಮಬೆಲೆಯವು, ರ‍್ಯಾಂಡ್ ಎಲ್ಲೆಡೆ ನಡೆಯುತ್ತದೆ. ಗಡಿ ದಾಟಿದ ಮೇಲೆ ಲೋಟಿ ನಡೆಯುವುದು ಕಷ್ಟ, ಹೊರಡುವ ಮೊದಲೇ ಖರ್ಚು ಮಾಡಿಬಿಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಎತ್ತರದ ಘಾಟಿಗಳಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಬಹುದು. ಬೇಸಿಗೆಯ ಮಳೆ ಇಳಿದ ಮೇಲಿನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ಜಲಪಾತದಲ್ಲೂ ನೀರಿರುತ್ತದೆ. ದಪ್ಪ ಉಣ್ಣೆಯ ಬಟ್ಟೆ ಮಾತ್ರ ಯಾವ ತಿಂಗಳಲ್ಲಿ ಹೋದರೂ ಜೊತೆಗಿರಲಿ.